ಕ್ಲಬ್ಬಿನ ಅತಿಥಿ ಭಾಷಣ ನಮ್ಮ ಪಂಪ್‌ಮನೆ ಬಾಗಿಲಿಗೆ ಬಂದಿದ್ದು ಹೇಗೆ?

ಕಳೆದ ವರ್ಷ ಏಪ್ರಿಲ್ ತಿಂಗಳು. ನಮ್ಮ ಕಡೆ ಅಡಿಕೆ ತೋಟಕ್ಕೆ ತ್ರೀ ಫೇಸ್ ಕರೆಂಟ್ ಬರ್ತಿದ್ದದ್ದು ರಾತ್ರಿ ಹನ್ನೊಂದರ ಮೇಲೆ. ಪಕ್ಕದ ತೋಟದ ಹುಡುಗ, ಇನ್ನೂ ಇಪ್ಪತ್ತನಾಲ್ಕು ವರ್ಷ, ಗೇಟ್‌ವಾಲ್ವ್ ತಿರುಗಿಸೋಕೆ ಹೋದ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಮೊಬೈಲ್ ಟಾರ್ಚ್. ಬಿದ್ದ ಸೋಗೆ ಮೇಲೆ ಕಾಲಿಟ್ಟ. ಕೆಳಗೆ ಕೊಳಕು ಮಂಡಲ ಇತ್ತು.

ಮುಂದೆ ಆಗಿದ್ದು ನಿಮಗೂ ಗೊತ್ತಿರೋ ಕಥೆಯೇ. ಮೊಣಕಾಲ ಕೆಳಗೆ ಹಗ್ಗ ಬಿಗಿದರು. ನಾಟಿ ಔಷಧಿ ಕೊಡುವವರ ಮನೆಗೆ ಕರ್ಕೊಂಡು ಹೋದರು. ಅಲ್ಲಿ ಮೂರು ಗಂಟೆ ಹೋಯ್ತು. ತಾಲ್ಲೂಕು ಆಸ್ಪತ್ರೆ ತಲುಪುವಷ್ಟರಲ್ಲಿ ಕಾಲು ಬಾತು ಕಂಬದಂತಾಗಿತ್ತು, ಒಸಡಿನಲ್ಲಿ ರಕ್ತ ಬರ್ತಿತ್ತು. ಅಲ್ಲಿಂದ ಜಿಲ್ಲಾ ಆಸ್ಪತ್ರೆ, ಆಮೇಲೆ ಕಿಡ್ನಿಗೆ ಪೆಟ್ಟು ಬಿದ್ದು ವಾರಗಟ್ಟಲೆ ಡಯಾಲಿಸಿಸ್. ಹುಡುಗ ಉಳಿದ. ಆದ್ರೆ ಮನೆಯ ಎರಡು ಕರೆಯುವ ಹಸು ಹೋದವು, ಕೈಸಾಲ ಉಳಿಯಿತು.

ಆ ಮೂರು ಗಂಟೆ ಯಾಕೆ ಹಾಳಾಯ್ತು? ಏನು ಮಾಡಬೇಕು ಅಂತ ಅಲ್ಲಿದ್ದ ಹತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿದ್ದ ಡಾಕ್ಟರು ಹದಿನೆಂಟು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಲ್ಲೇ ಇದ್ದರು. ಅವರನ್ನು ನಮ್ಮೂರಿಗೆ ಕರೆತಂದದ್ದು ತಾಲ್ಲೂಕಿನ ಒಂದು ಸೇವಾ ಕ್ಲಬ್. ಅದು ಹೇಗಾಯ್ತು, ನಿಮ್ಮೂರಲ್ಲೂ ಹೇಗೆ ಮಾಡಬಹುದು ಅನ್ನೋದೇ ಈ ವಾರದ ಲೇಖನ.

ಶಾಲು, ಹಾರ, ವಂದನಾರ್ಪಣೆ

ರೋಟರಿ, ಲಯನ್ಸ್, ಜೇಸಿ ಅಂದ್ರೆ ನಮಗೆ ನೆನಪಾಗೋದು ಬಸ್ ನಿಲ್ದಾಣದ ಬೆಂಚಿನ ಮೇಲಿನ ಹೆಸರು, ಊರ ಬಾಗಿಲಿನ ಸ್ವಾಗತ ಬೋರ್ಡು, ಶಾಲೆಗೆ ಕೊಟ್ಟ ನೀರಿನ ಫಿಲ್ಟರ್. "ಅದು ಪೇಟೆ ಸಾಹುಕಾರ್ರದ್ದು ಬಿಡಪ್ಪ" ಅಂತ ಸುಮ್ಮನಾಗ್ತೀವಿ. ನಾನೂ ಹಾಗೇ ಅಂದುಕೊಂಡಿದ್ದೆ.

ಒಮ್ಮೆ ಇಂಥ ಕ್ಲಬ್ಬಿನ ಸಭೆಗೆ ಹೋಗಿದ್ದೆ. ವಿಷಯ ಸಮಗ್ರ ಕೃಷಿ. ಸಂಜೆ ಏಳೂವರೆಗೆ, ಪೇಟೆಯ ಹಾಲ್‌ನಲ್ಲಿ. ಅತಿಥಿಗಳು ಚೆನ್ನಾಗಿಯೇ ಮಾತಾಡಿದರು. ಆದರೆ ಕೂತಿದ್ದ ನಲವತ್ತು ಜನರಲ್ಲಿ ಮಣ್ಣು ಮುಟ್ಟುವವರು ನಾವು ನಾಲ್ಕೇ ಜನ. ಉಳಿದವರು ಡಾಕ್ಟರು, ವಕೀಲರು, ಬಟ್ಟೆ ಅಂಗಡಿಯವರು, ಕಂಟ್ರಾಕ್ಟರು. ಸ್ವಾಗತ, ಪರಿಚಯ, ಶಾಲು, ಹಣ್ಣಿನ ಬುಟ್ಟಿ, ವಂದನಾರ್ಪಣೆ ಮುಗಿಯುವಾಗ ಪ್ರಶ್ನೆಗೆ ಐದು ನಿಮಿಷವೂ ಉಳಿದಿರಲಿಲ್ಲ. ಹಾಲು ಕರೆಯೋ ಹೊತ್ತಿಗೆ, ಊರಿಗೆ ಕೊನೆ ಬಸ್ ಹೋದ ಮೇಲೆ ಸಭೆ ಇಟ್ಟರೆ ರೈತರು ಬರೋದಾದ್ರೂ ಹೇಗೆ ಹೇಳಿ?

ಹಾಗಂತ ಅವರದ್ದೇ ತಪ್ಪು ಅಂತಲೂ ಹೇಳಲಾರೆ. ಪ್ರತಿ ಸಭೆಗೂ ಒಬ್ಬ ಅತಿಥಿಯನ್ನು ಹುಡುಕೋದು ಅವರಿಗೂ ತಲೆನೋವೇ. ನಮ್ಮಿಂದ ಇಂಥದ್ದು ಬೇಕು ಅಂತ ಯಾರೂ ಕೇಳಿರಲಿಲ್ಲ.

ಅತಿಥಿಯ ಒಂದು ಮಾತು ಎಷ್ಟು ದೂರ ಹೋಗಬಹುದು?

ಇಲ್ಲಿ ಸ್ವಲ್ಪ ಹಿಂದಿನದು ತಿಳ್ಕೊಂಡರೆ ಒಳ್ಳೇದು. ರೋಟರಿ ಶುರುವಾಗಿದ್ದು 1905ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರ ಜೊತೆ ಕೂಡಿ ಆರಂಭಿಸಿದರು. ಒಂದು ವಾರ ಒಬ್ಬರ ಕಚೇರಿ, ಮುಂದಿನ ವಾರ ಇನ್ನೊಬ್ಬರದು, ಹೀಗೆ ಸರದಿ ಮೇಲೆ ಸಭೆ ಸೇರ್ತಿದ್ದರಿಂದ ಆ ಹೆಸರು. ಲಯನ್ಸ್ ಹುಟ್ಟಿದ್ದು 1917ರಲ್ಲಿ.

ಲಯನ್ಸ್‌ನವರು ಕಣ್ಣಿನ ಶಿಬಿರಗಳನ್ನೇ ಅಷ್ಟು ಮಾಡೋದು ಯಾಕೆ ಅಂತ ಎಂದಾದ್ರೂ ಯೋಚಿಸಿದ್ದೀರಾ? ಅದರ ಹಿಂದಿರೋದು ಒಬ್ಬ ಅತಿಥಿಯ ಭಾಷಣ. ಕಣ್ಣು, ಕಿವಿ ಎರಡೂ ಇಲ್ಲದ ಹೆಲೆನ್ ಕೆಲರ್ 1925ರಲ್ಲಿ ಲಯನ್ಸ್‌ನ ಸಮಾವೇಶಕ್ಕೆ ಬಂದು, ಕುರುಡುತನದ ವಿರುದ್ಧ ಹೋರಾಡಿ ಎಂದು ನೇರವಾಗಿ ಬೇಡಿಕೆ ಇಟ್ಟರು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ಗುರುತಾಯಿತು. ನಮ್ಮ ಹಳ್ಳಿಯ ಅಜ್ಜಿ ಪೊರೆ ತೆಗೆಸಿಕೊಂಡು ಮತ್ತೆ ಅಕ್ಕಿ ಆರಿಸ್ತಿರೋದಕ್ಕೂ ಅಂದಿನ ಆ ಭಾಷಣಕ್ಕೂ ಎಲ್ಲೋ ಒಂದು ನಂಟಿದೆ.

ಪೋಲಿಯೊ ಕಥೆಯೂ ಅಂಥದ್ದೇ. 1985ರಲ್ಲಿ ರೋಟರಿ ಪೋಲಿಯೊ ವಿರುದ್ಧ ಜಾಗತಿಕ ಅಭಿಯಾನ ಕೈಗೆತ್ತಿಕೊಂಡಿತು. ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಮನೆ ಮನೆ ಅಲೆದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಎಲ್ಲರೂ ಸೇರಿ ದುಡಿದರು. ಭಾರತದ ಕೊನೆಯ ಪ್ರಕರಣ ಕಂಡುಬಂದಿದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು.

ಎರಡರಲ್ಲೂ ಒಂದು ವಿಷಯ ಗಮನಿಸಿ. ಬೇಡಿಕೆ ಸ್ಪಷ್ಟವಾಗಿತ್ತು. "ಏನಾದ್ರೂ ಒಳ್ಳೇದು ಮಾಡಿ" ಅನ್ನಲಿಲ್ಲ, "ಇದನ್ನು ಮಾಡಿ" ಅಂದರು.

ನಾವು ಕೇಳಿದ್ದು ಒಂದೇ

ನಮ್ಮ ಗೊಬ್ಬರದ ಅಂಗಡಿ ಯಜಮಾನರು ಕ್ಲಬ್ಬಿನ ಸದಸ್ಯರು. ಮೇ ತಿಂಗಳಲ್ಲಿ ಡಿಎಪಿ ತರೋಕೆ ಹೋದಾಗ ಕೇಳಿದೆ.

"ಯಜಮಾನ್ರೇ, ನಿಮ್ಮ ಕ್ಲಬ್ಬಿಗೆ ಯಾರಾದ್ರೂ ಬಂದು ಮಾತಾಡ್ತಾನೇ ಇರ್ತಾರಲ್ಲ, ಹಾವು ಕಡಿತದ ಬಗ್ಗೆ ಒಬ್ಬ ಡಾಕ್ಟ್ರನ್ನ ನಮ್ಮೂರಿಗೇ ಕರ್ಕೊಂಡು ಬರೋಕಾಗುತ್ತಾ?"

"ಯಾಕಾಗಲ್ಲ? ಡಾಕ್ಟ್ರು ನಮ್ಮ ಮೆಂಬರ್ರೇ. ಆದ್ರೆ ಜುಲೈಗೆ ಹೊಸ ಅಧ್ಯಕ್ಷರು ಬರ್ತಾರೆ ಕಣಪ್ಪ. ಜೂನ್‌ನಲ್ಲೇ ಒಂದು ಅರ್ಜಿ ಬರ್ದು ಕೊಡಿ, ವರ್ಷದ ಪಟ್ಟಿಗೆ ಸೇರಿಸ್ತೀವಿ."

ಇದು ಬಹಳ ಜನಕ್ಕೆ ಗೊತ್ತಿಲ್ಲದ ಗುಟ್ಟು. ರೋಟರಿ, ಲಯನ್ಸ್ ಎರಡಕ್ಕೂ ವರ್ಷ ಶುರುವಾಗೋದು ಜುಲೈ 1ಕ್ಕೆ, ಮುಗಿಯೋದು ಜೂನ್ 30ಕ್ಕೆ. ಅಧ್ಯಕ್ಷರ ಅವಧಿಯೂ ಒಂದೇ ವರ್ಷ. ಹೊಸಬರು ಬಂದಾಗ ಉತ್ಸಾಹವೂ ಇರುತ್ತೆ, ಪಟ್ಟಿಯೂ ಖಾಲಿ ಇರುತ್ತೆ. ಫೆಬ್ರವರಿಯಲ್ಲಿ ಹೋಗಿ ಕೇಳಿದರೆ "ಮುಂದಿನ ವರ್ಷ ನೋಡೋಣ" ಅನ್ನೋ ಉತ್ತರ ಬರೋದು ಅದಕ್ಕೇ.

ನಾವು ಹನ್ನೆರಡು ಹುಡುಗರು ಸಹಿ ಹಾಕಿ ಅರ್ಜಿ ಕೊಟ್ಟೆವು. ಮೂರು ಮಾತು ಬರೆದಿದ್ದೆವು. ಸಭೆ ಊರ ಹಾಲಿನ ಡೇರಿ ಮುಂದೆ, ಬೆಳಗಿನ ಹಾಲು ಹಾಕಿದ ತಕ್ಷಣ. ಭಾಷಣ ಅರ್ಧ ಗಂಟೆ, ಪ್ರಶ್ನೆಗೆ ಒಂದು ಗಂಟೆ. ಶಾಲು, ಹಾರ ಬೇಡ. ಕ್ಲಬ್ಬಿನವರು ವನಮಹೋತ್ಸವದ ಲೆಕ್ಕದಲ್ಲಿ ನೂರು ಗಿಡ ಕೊಡ್ತೀವಿ ಅಂದರು. "ಗಿಡ ಅರಣ್ಯ ಇಲಾಖೆ ನರ್ಸರೀಲೂ ಸಿಗುತ್ತೆ ಸಾರ್, ನಮಗೆ ಗಂಬೂಟು ಬೇಕು" ಅಂದೆವು. ಮೊದಲು ನಕ್ಕರು, ಆಮೇಲೆ ಮೂವತ್ತು ಜೊತೆ ಕೊಟ್ಟರು.

ಡೇರಿ ಕಟ್ಟೆ ಮೇಲೆ ಡಾಕ್ಟರ ಪಾಠ

ಜುಲೈನ ಒಂದು ಭಾನುವಾರ ಡಾಕ್ಟರು ಬಂದರು. ಎಪ್ಪತ್ತಕ್ಕೂ ಹೆಚ್ಚು ಜನ ಸೇರಿದ್ದರು, ಅರ್ಧದಷ್ಟು ಹೆಂಗಸರು. ಪೇಟೆ ಹಾಲ್‌ಗೆ ಅವರು ಯಾರೂ ಬರ್ತಿರಲಿಲ್ಲ. ಅಂದು ಕಲಿತದ್ದರ ಸಾರ ಇಷ್ಟು:

- ನಮ್ಮಲ್ಲಿ ಹೆಚ್ಚು ಜೀವ ತೆಗೆಯೋದು ನಾಲ್ಕು ಹಾವು: ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ನಾಲ್ಕಕ್ಕೂ ಒಂದೇ ಔಷಧಿ. ಹಾಗಾಗಿ ಹಾವನ್ನು ಹುಡುಕಿ ಹೊಡೆದು ಆಸ್ಪತ್ರೆಗೆ ತರೋ ಅಗತ್ಯವೇ ಇಲ್ಲ. ದೂರದಿಂದ ಫೋಟೋ ಸಿಕ್ಕರೆ ಸರಿ, ಇಲ್ಲದಿದ್ದರೆ ಬಿಡಿ.
- ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಆಗಲೇ ಯಾರಾದ್ರೂ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಡಾಕ್ಟರ ಎದುರೇ ಬಿಚ್ಚಿಸಿ.
- ಉಂಗುರ, ಬಳೆ, ಕಾಲುಂಗುರ, ವಾಚು ತಕ್ಷಣ ತೆಗೆಯಿರಿ. ಬಾವು ಬಂದ ಮೇಲೆ ಅವೇ ಕುಣಿಕೆಯಾಗ್ತವೆ.
- ಮೂಳೆ ಮುರಿದಾಗ ಕಟ್ಟುವ ಹಾಗೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, ಕೈಕಾಲು ಅಲ್ಲಾಡದಂತೆ ನೋಡಿಕೊಳ್ಳಿ. ನಡೆಸಬೇಡಿ. ಕಚ್ಚಿಸಿಕೊಂಡವರೇ ಬೈಕ್ ಓಡಿಸಿಕೊಂಡು ಹೋಗಬಾರದು.
- 108ಕ್ಕೆ ಫೋನ್ ಮಾಡಿ. ತಡವಾಗುತ್ತೆ ಅಂತಾದರೆ ಸಿಕ್ಕ ವಾಹನದಲ್ಲಿ ಹೊರಡಿ. ಕಚ್ಚಿದ ಹೊತ್ತನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.
- ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತೆ. ನೋವಾಗಲೀ ಗುರುತಾಗಲೀ ಕಾಣದೇ ಇರಬಹುದು. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಇಳಿಬೀಳೋದು, ಮಾತು ತೊದಲೋದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಒಬ್ಬ ಅಜ್ಜಿ ಎದ್ದು, "ಅಲ್ಲಪ್ಪ, ನಾಟಿ ಔಷಧೀಲಿ ಎಷ್ಟೋ ಜನ ಬದುಕಿದ್ದಾರಲ್ಲ?" ಅಂದರು. ಡಾಕ್ಟರು ಬೈಯಲಿಲ್ಲ. "ಬದುಕಿದ್ದಾರೆ ಅಜ್ಜಿ. ಹಾವಿಗೂ ಸುಮಾರಷ್ಟು ಸಲ ವಿಷ ಬಿಡದೇ ಕಚ್ಚೋ ಅಭ್ಯಾಸ ಇದೆ. ವಿಷ ಇಲ್ಲದ ಹಾವೂ ಬೇಕಾದಷ್ಟಿವೆ. ಅಂಥವರು ಏನು ಕೊಟ್ಟರೂ ಬದುಕ್ತಾರೆ. ಆದ್ರೆ ವಿಷ ಏರಿದವರಿಗೆ ಕಾಯೋಕೆ ಟೈಮಿಲ್ಲ" ಅಂದರು. ಆಮೇಲೆ ಆಸ್ಪತ್ರೆಯಲ್ಲಿ ಏನು ಮಾಡ್ತಾರೆ ಅಂತ ವಿವರಿಸಿದರು. ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲ್ಲಾಡಿಸದೆ ಇಡ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ರಕ್ತದಲ್ಲಿ ಕೆಲಸ ಮಾಡ್ತಿದೆ ಅಂತ ಅರ್ಥ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣದ ಔಷಧಿ ಬೇಕು, ಯಾಕಂದ್ರೆ ಹಾವು ಮಗು ಅಂತ ವಿಷ ಕಡಿಮೆ ಬಿಡಲ್ಲ.

ಇದು ನಮ್ಮೂರಿನ ಸಮಸ್ಯೆ ಮಾತ್ರ ಅಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತಕ್ಕೆ ಅಂದಾಜು 12 ಲಕ್ಷ ಜನ ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪ್ರಕರಣ ಎಂದು ಘೋಷಿಸಿದೆ.

ಕೊನೆಗೆ ಆ ಹುಡುಗನೇ ಎದ್ದು ನಿಂತ. "ಡಾಕ್ಟ್ರೇ, ನನ್ನನ್ನ ನೇರವಾಗಿ ನಿಮ್ಮ ಹತ್ರ ತಂದಿದ್ರೆ ಡಯಾಲಿಸಿಸ್ ತಪ್ತಿತ್ತಾ?" ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗ್ಯಾರಂಟಿ ಹೇಳಲ್ಲಪ್ಪ. ಆದ್ರೆ ತಪ್ಪೋ ಸಾಧ್ಯತೆ ಜಾಸ್ತಿ ಇತ್ತು" ಅಂದರು. ಅವನ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಹಗ್ಗ ಬಿಗಿದದ್ದು ಅವರೇ, ಮಗ ಉಳೀಲಿ ಅಂತಲೇ.

ನಿಮ್ಮೂರಿಗೂ ಕರೆಸಬೇಕಾ? ಹೀಗೆ ಮಾಡಿ

1. ಒಂದೇ ಸಮಸ್ಯೆ ಆರಿಸಿ. "ಕೃಷಿ ಮಾಹಿತಿ ಶಿಬಿರ" ಅಂತ ಕೇಳಬೇಡಿ. "ಅಡಿಕೆ ಎಲೆಚುಕ್ಕಿ ರೋಗ", "ಹಸುವಿನ ಕೆಚ್ಚಲು ಬಾವು", "ಔಷಧಿ ಹೊಡೆಯುವಾಗಿನ ಸುರಕ್ಷತೆ" ಹೀಗೆ ಕೇಳಿ.
2. ಅತಿಥಿ ಯಾರು ಅಂತ ನೀವೇ ಸೂಚಿಸಿ. ಬೆಳೆಗೆ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿ, ದನಕ್ಕೆ ಪಶುವೈದ್ಯರು, ಬೆಳೆ ಸಾಲಕ್ಕೆ ಬ್ಯಾಂಕ್ ಮ್ಯಾನೇಜರ್. ಪಕ್ಕದೂರಿನ ಅನುಭವಿ ರೈತರೂ ಆಗಬಹುದು.
3. ಮೇ, ಜೂನ್‌ನಲ್ಲಿ ಅರ್ಜಿ ಕೊಡಿ. ಈಗಿನ ಅಧ್ಯಕ್ಷರಿಗೂ ಮುಂದೆ ಬರೋರಿಗೂ ಒಂದೊಂದು ಪ್ರತಿ.
4. ಜಾಗ, ಹೊತ್ತು ನಿಮ್ಮದಿರಲಿ. ಡೇರಿ, ಶಾಲೆ, ತೋಟ, ಎಲ್ಲಾದ್ರೂ ಸರಿ. ಹೆಂಗಸರಿಗೆ ಬರೋಕೆ ಅನುಕೂಲ ಆಗುತ್ತಾ ಅಂತ ಮೊದಲು ನೋಡಿ.
5. ಪ್ರಶ್ನೆಗಳನ್ನು ಮೊದಲೇ ಕಳಿಸಿ. ಊರಿನ ವಾಟ್ಸಾಪ್ ಗುಂಪಿನಲ್ಲಿ ವಾಯ್ಸ್ ಮೆಸೇಜ್, ಫೋಟೋ ತರಿಸಿ ಅತಿಥಿಗೆ ಕೊಡಿ. ಅವರೂ ತಯಾರಾಗಿ ಬರ್ತಾರೆ.
6. ಮಾಲು ಮಾರೋರಿಗೆ ವೇದಿಕೆ ಬೇಡ. "ಉಚಿತ ಉಪನ್ಯಾಸ" ಅಂತ ಬಂದು ಕೊನೆಗೆ ಟಾನಿಕ್ ಬಾಟಲಿ ತೆಗೆಯೋರಿದ್ದಾರೆ. ಅರ್ಜಿಯಲ್ಲೇ ಬರೆದುಬಿಡಿ.
7. ಭಾಷಣ ಮುಗಿದ ಮೇಲೆ ಒಂದು ಕೆಲಸ ಉಳಿಯಲಿ. ನಾವು ಔಷಧಿ ಇರುವ ಹತ್ತಿರದ ಆಸ್ಪತ್ರೆ, ವಾಹನ ಇರುವ ನಾಲ್ಕು ಮನೆಯ ನಂಬರ್, ಮಾಡಬೇಕಾದ್ದು, ಮಾಡಬಾರದ್ದು ಎಲ್ಲಾ ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಪ್ರತಿ ಪಂಪ್‌ಮನೆಗೂ ಅಂಟಿಸಿದೆವು.

ಇನ್ನೊಂದು ದಾರಿಯೂ ಇದೆ. ರೋಟರಿಯ ಸದಸ್ಯರಲ್ಲದ ಊರವರೇ ಸೇರಿ, ಹತ್ತಿರದ ಕ್ಲಬ್ಬಿನ ಆಶ್ರಯದಲ್ಲಿ ರೋಟರಿ ಸಮುದಾಯ ದಳ ಕಟ್ಟಬಹುದು. 18 ತುಂಬಿದ ಯುವಕ ಯುವತಿಯರಿಗೆ ರೋಟರ‍್ಯಾಕ್ಟ್ ಇದೆ, ಜೇಸಿಗೆ 18ರಿಂದ 40 ವರ್ಷದವರು ಸೇರಬಹುದು. ಸೇರಲೇಬೇಕು ಅಂತಲ್ಲ. ಆದ್ರೆ ಊರಿನ ಒಬ್ಬರಾದ್ರೂ ಒಳಗಿದ್ದರೆ ನಮ್ಮ ಮಾತು ಪಟ್ಟಿಗೆ ಸೇರುತ್ತೆ. ಬೆಳೆ ಬಗ್ಗೆ ತುರ್ತು ಸಲಹೆ ಬೇಕಿದ್ದರೆ ಯಾರನ್ನೂ ಕಾಯಬೇಡಿ, ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಉಚಿತವಾಗಿ ಕರೆ ಮಾಡಿ.

ಹಾಳೆ ಮಾಸ್ತಾ ಇದೆ

ಕಳೆದ ನವೆಂಬರ್‌ನಲ್ಲಿ ಕೇರಿಯ ಇನ್ನೊಬ್ಬರಿಗೆ ಮೆಕ್ಕೆಜೋಳ ಮುರಿಯುವಾಗ ಹಾವು ಕಚ್ಚಿತು. ಈ ಸಲ ಹಗ್ಗ ಹುಡುಕಲಿಲ್ಲ. ಮಗಳು ಕಾಲುಂಗುರ ಬಿಚ್ಚಿದಳು, ಪಕ್ಕದ ಮನೆಯವರು ಓಮ್ನಿ ತೆಗೆದರು, ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದರು. ಐದನೇ ದಿನಕ್ಕೆ ಮನೆಗೆ ಬಂದರು.

ನಮ್ಮ ಪಂಪ್‌ಮನೆ ಗೋಡೆಯ ಹಾಳೆ ಬಿಸಿಲಿಗೆ ಮಾಸಿದೆ, ಎರಡು ನಂಬರ್ ಬದಲಾಗಿವೆ. ಜುಲೈಗೆ ಕ್ಲಬ್ಬಿಗೆ ಮತ್ತೆ ಹೊಸ ಅಧ್ಯಕ್ಷರು ಬರ್ತಾರೆ, ಅವರಿಗೆ ನಮ್ಮೂರು ಗೊತ್ತಿಲ್ಲ. ಹಾಗಾಗಿ ಜೂನ್‌ನಲ್ಲಿ ಮತ್ತೆ ಅರ್ಜಿ ಬರೆಯಬೇಕು. ಈ ಸಲ ಸಹಿ ಹಾಕಿಸೋಕೆ ಮನೆ ಮನೆ ಅಲೆಯೋನು ಆ ಹುಡುಗನೇ. ರಾತ್ರಿ ವಾಲ್ವ್ ತಿರುಗಿಸೋಕೆ ಈಗಲೂ ಅವನೇ ಹೋಗ್ತಾನೆ, ಕಾಲಲ್ಲಿ ಗಂಬೂಟು, ಕೈಯಲ್ಲಿ ದೊಡ್ಡ ಟಾರ್ಚು, ನೆಲ ಕುಟ್ಟೋಕೆ ಒಂದು ಕೋಲು.