ನಿಮಗಿದು ಗೊತ್ತೆ? ಕೊಪ್ಪಳದ ಬಂಡೆಯ ಮೇಲೆ ಚಕ್ರವರ್ತಿಯ ತಪ್ಪೊಪ್ಪಿಗೆ

ಒಬ್ಬ ದೊರೆ ತಾನು ನಂಬಿದ ಧರ್ಮದಲ್ಲಿ ಮೊದಮೊದಲು ಅಷ್ಟೇನೂ ಆಸಕ್ತಿ ತೋರಲಿಲ್ಲ ಎಂದು ಕಲ್ಲಿನ ಮೇಲೆ ಬರೆಸಿದ್ದುಂಟೆ? ಉಂಟು, ಅದೂ ಕೊಪ್ಪಳದಲ್ಲಿ.

ಗವಿಮಠದ ಬೆಟ್ಟದಲ್ಲಿರುವ ಅಶೋಕನ ಕಿರುಬಂಡೆ ಶಾಸನ ಕ್ರಿ.ಪೂ. 3ನೇ ಶತಮಾನದ್ದು, ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿ ಆಯಿತು, ಆದರೆ ಆರಂಭದಲ್ಲಿ ಸಾಧನೆ ಸಾಲದಾಗಿತ್ತು ಎನ್ನುತ್ತಾನೆ ಅರಸ. ಭಿಕ್ಷುಸಂಘದ ಒಡನಾಟಕ್ಕೆ ಬಂದ ಮೇಲಷ್ಟೇ, ಅಂದರೆ ಕಳೆದ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ, ಶ್ರದ್ಧೆ ಬಲಿಯಿತಂತೆ. ಅಂದರೆ ಕಳಿಂಗ ಯುದ್ಧ ಮುಗಿಯುತ್ತಲೇ ಒಂದೇ ರಾತ್ರಿಯಲ್ಲಿ ಮನಸ್ಸು ತಿರುಗಿತು ಎಂಬ ಸಿನಿಮಾ ಕಥೆಗೆ ಇಲ್ಲಿ ಆಧಾರವಿಲ್ಲ. ಶ್ರದ್ಧೆಯ ಫಲ ದೊಡ್ಡವರ ಸೊತ್ತಲ್ಲ, ಪ್ರಯತ್ನಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂಬ ಮಾತೂ ಇದರಲ್ಲಿದೆ.

ಇಲ್ಲಿ ಅರಸನ ಹೆಸರು ‘ದೇವಾನಾಂಪ್ರಿಯ’ ಎಂದಷ್ಟೇ ಇದೆ. ‘ಅಶೋಕ’ ಎಂಬ ಹೆಸರಿಗೆ 1915ರಲ್ಲಿ ಪತ್ತೆಯಾದ, ರಾಯಚೂರು ಜಿಲ್ಲೆಯ ಮಸ್ಕಿ ಶಾಸನದಂಥವನ್ನು ನೋಡಬೇಕು.

ಸಮೀಪದ ಪಾಲ್ಕಿಗುಂಡಿನಲ್ಲೂ ಇದೇ ಶಾಸನದ ಅಳಿದುಳಿದ ಸಾಲುಗಳಿವೆ. ಅದೇ ಗುಡ್ಡದಲ್ಲಿ ‘ವರಾಂಗಚರಿತ’ ಬರೆದ ಜೈನಕವಿ ಜಟಾಸಿಂಹನಂದಿಯ ಪಾದಗಳ ಗುರುತು ಇದೆ. ಅದನ್ನು ಮಾಡಿಸಿದವನು ಚಾವಯ್ಯ ಎಂದು ಕನ್ನಡ ಶಾಸನ ತಿಳಿಸುತ್ತದೆ. ಜೈನರಿಗೆ ‘ಕೊಪಣ’, ಅಂದರೆ ಅಂದಿನ ಕೊಪ್ಪಳ, ಮಹಾತೀರ್ಥವಾಗಿತ್ತು. ಇಂದು ಇದೇ ಗವಿಮಠದಲ್ಲಿ ಗವಿಸಿದ್ಧೇಶ್ವರನ ಜಾತ್ರೆಗೆ ಜನಸಾಗರ.