ದಾರಿ ಬಲ್ಲ ಮಹಾರಾಜ

ಕೋಲಾರದ ಕಡೆ ಯಲ್ದೂರಿನ ನೆಂಟರು ಮೊನ್ನೆ ತಮ್ಮ ಮೊಬೈಲಿನಲ್ಲಿ ನಮಗೊಂದು ಸುದ್ದಿ ತೋರಿಸಿದರು. ಕರಿ ನಾಯಿಯೊಂದಕ್ಕೆ ಹಾರ, ಮೆರವಣಿಗೆ! ಬೆಳಗಾವಿ ಜಿಲ್ಲೆ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯ ಈ ನಾಯಿಯ ಹೆಸರು ‘ಮಹಾರಾಜ’. 2024ರ ಜೂನ್ ಕೊನೆಯಲ್ಲಿ ಯಜಮಾನರ ಜೊತೆ ಪಂಢರಪುರಕ್ಕೆ ಸುಮಾರು 250 ಕಿ.ಮೀ. ನಡೆದುಹೋಗಿ, ಅಲ್ಲಿ ಕಾಣೆಯಾಯಿತು. ಹುಡುಕಿ ಸೋತ ಯಜಮಾನರು ಜುಲೈ 14ರಂದು ಊರಿಗೆ ಮರಳಿದರು. ಮರುದಿನ ನಾಯಿ ಬಾಲ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತಿತ್ತು. ಊರವರು ಸಂತೋಷದಿಂದ ಊಟ ಹಾಕಿಸಿದರು. ಸುದ್ದಿ ಇಂಟರ್‌ನೆಟ್ಟಿನಲ್ಲಿ ದೇಶವೆಲ್ಲ ಸುತ್ತಿತು.

ಊರವರು ಇದನ್ನು ಪಾಂಡುರಂಗನ ಕೃಪೆಯೆಂದರು. ನಾಯಿಯ ಮೂಗಿನ ಶಕ್ತಿ ನಮಗೆಲ್ಲ ಗೊತ್ತು. ಅದಲ್ಲದೆ, ಜೆಕ್ ದೇಶದ ವಿಜ್ಞಾನಿಗಳು 27 ಬೇಟೆನಾಯಿಗಳನ್ನು ಕಾಡಿನಲ್ಲಿ ಬಿಟ್ಟು ಪರೀಕ್ಷಿಸಿ 2020ರಲ್ಲಿ ಒಂದು ವಿಷಯ ಪ್ರಕಟಿಸಿದರು. ಹೊಸ ದಾರಿಯಲ್ಲಿ ಮರಳುವ ನಾಯಿ ಹೆಚ್ಚಿನ ಸಲ ಮೊದಲು ಸುಮಾರು 20 ಮೀಟರ್ ಉತ್ತರ-ದಕ್ಷಿಣವಾಗಿ ಓಡಿ, ಆಮೇಲೆ ದಿಕ್ಕು ಹಿಡಿಯುತ್ತದಂತೆ. ಭೂಮಿಯ ಕಾಂತಶಕ್ತಿ ಅದಕ್ಕೆ ತಿಳಿಯುತ್ತಿರಬೇಕೆಂದು ಅವರ ಊಹೆ.

ಇನ್ನು ನಮ್ಮ ಮಾತು. ಕಾಫಿ ಕಣ, ಅಡಿಕೆ ಅಂಗಳ ಕಾದ ನಾಯಿ ಮುದಿಯಾದರೆ, ಮರಿ ಹೆಚ್ಚಾದರೆ, ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟುಬರುವ ಕೆಟ್ಟ ರೂಢಿ ನಮ್ಮಲ್ಲುಂಟು. ನಾವೂ ಒಮ್ಮೆ ಬಿಟ್ಟಿದ್ದೆವು. ನಾಲ್ಕನೆಯ ದಿನ ಅದು ಕುಂಟುತ್ತ ಬಂದು, ಏನೂ ಆಗದಂತೆ ತನ್ನ ಹಳೆಯ ಜಾಗದಲ್ಲಿ ಮಲಗಿತು. ತಲೆ ತಗ್ಗಿಸಿದವರು ನಾವೇ. ಮತ್ತೆ ಬಿಡಲಿಲ್ಲ.

ಎಲ್ಲ ನಾಯಿಗೂ ದಾರಿ ಸಿಗುವುದಿಲ್ಲ. ಮರಿ ಬೇಡವಾದರೆ ಸದಸ್ಯರು ಪಶುವೈದ್ಯರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಲಿ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಲಿ. ತೋಟ ಕಾದದ್ದಕ್ಕೆ ಮುಪ್ಪಿನಲ್ಲಿ ಒಂದು ತುತ್ತು ಅನ್ನ ಹೆಚ್ಚಲ್ಲ.