ಬಿಡ್ ಸರಿಯೋ ತಪ್ಪೋ, ಹೇಳುವವರು ಯಾರು?

2008ರ ಮಾರ್ಚ್‌ನಲ್ಲಿ ಉತ್ತರ ಅಮೆರಿಕದ ವಸಂತಕಾಲದ ಬ್ರಿಡ್ಜ್ ಚಾಂಪಿಯನ್‌ಷಿಪ್ ಡೆಟ್ರಾಯಿಟ್‌ನಲ್ಲಿ ನಡೆಯಿತು. 2007ರ ಹೊಸ ನಿಯಮಾವಳಿ ಜಾರಿಗೆ ಬಂದ ಬೆನ್ನಿಗೇ ನಡೆದ ಕೂಟ ಅದು. ಆ ನಿಯಮಾವಳಿಯ 16ನೇ ನಿಯಮ ಹಳೆಯ ತಕರಾರೊಂದಕ್ಕೆ ಸಂಬಂಧಿಸಿದ್ದು. ಜೊತೆಗಾರ ತುಂಬಾ ಹೊತ್ತು ಯೋಚಿಸಿ ‘ಪಾಸ್’ ಅನ್ನುತ್ತಾನೆ. ಅವನ ಕೈಯಲ್ಲಿ ಏನೋ ಇದೆ ಅಂತ ಇಡೀ ಮೇಜಿಗೆ ಗೊತ್ತಾಗಿಹೋಯಿತು. ಈಗ ನೀವು ಧೈರ್ಯವಾಗಿ ಬಿಡ್ ಮಾಡಿದರೆ ಅದು ನಿಮ್ಮ ಎಲೆಗಳ ಬಲವೋ, ಅವನ ತಡವರಿಕೆಯ ಬಲವೋ?

ಇದನ್ನು ತೀರ್ಮಾನಿಸಲು ಪಂದ್ಯದ ನಿರ್ದೇಶಕರು ಅದೇ ಮಟ್ಟದ ಬೇರೆ ಆಟಗಾರರಿಗೆ ಆ ಎಲೆಗಳನ್ನಷ್ಟೇ ತೋರಿಸಿ, ‘ನೀವಾಗಿದ್ದರೆ?’ ಎಂದು ಕೇಳುತ್ತಾರೆ. ಬೇರೆ ದಾರಿಯನ್ನೂ ಅವರಲ್ಲಿ ಸಾಕಷ್ಟು ಮಂದಿ ಗಂಭೀರವಾಗಿ ಯೋಚಿಸಿ, ಕೆಲವರಾದರೂ ಆರಿಸಿದರೆ, ತಡವರಿಕೆ ಸೂಚಿಸಿದ ಬಿಡ್ ನಿಲ್ಲುವುದಿಲ್ಲ. ಲೆಕ್ಕದ ಆಟವೆಂದು ಹೆಸರಾದ ಬ್ರಿಡ್ಜ್‌ನಲ್ಲಿ ತೀರ್ಪಿಗೆ ಮತ ಕೇಳುವ ಪದ್ಧತಿ ಬಂದದ್ದು ಸುತ್ತುದಾರಿಯಲ್ಲಿ.

ಕಾಂಟ್ರ್ಯಾಕ್ಟ್ ಬ್ರಿಡ್ಜ್‌ನ ಅಂಕಪದ್ಧತಿಯನ್ನು ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ರೂಪಿಸಿದ್ದು 1925ರಲ್ಲಿ, ಪನಾಮಾ ಕಾಲುವೆ ಮೂಲಕ ಹೋಗುತ್ತಿದ್ದ ಹಡಗಿನಲ್ಲಿ. ಒಪ್ಪಿಕೊಂಡಷ್ಟು ಟ್ರಿಕ್ ಗೆದ್ದರೆ ಮಾತ್ರ ಪ್ರತಿಫಲ ಅಂದಮೇಲೆ ಬಿಡ್ಡಿಗೆ ಬೆಲೆ ಬಂತು. 1930ರ ದಶಕದಲ್ಲಿ ಎಲಿ ಕಲ್ಬರ್ಟ್‌ಸನ್ ‘ಆನರ್ ಟ್ರಿಕ್’ ಲೆಕ್ಕ ಹೇಳಿಕೊಟ್ಟ: ಒಂದೇ ಬಣ್ಣದ ಎಕ್ಕ-ರಾಜ ಇದ್ದರೆ ಎರಡು, ಎಕ್ಕ-ರಾಣಿಗೆ ಒಂದೂವರೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕ ಅದಕ್ಕೂ ಹಿಂದಿನದು. ಮಿಲ್ಟನ್ ವರ್ಕ್ ಅದನ್ನು ಪ್ರಚಾರಕ್ಕೆ ತಂದಿದ್ದ. ಅದು ಮನೆಮಾತಾದದ್ದು ವಕೀಲಿಕೆ ಓದಿದ್ದ ಚಾರ್ಲ್ಸ್ ಗೋರೆನ್‌ನಿಂದ, 1949ರಲ್ಲಿ. ಟೊರಾಂಟೊದ ವಿಮಾ ಗಣಿತಜ್ಞ ವಿಲಿಯಂ ಆಂಡರ್‌ಸನ್ ನೆರವಿನಿಂದ ಗೋರೆನ್ ಅದಕ್ಕೆ ಹಂಚಿಕೆಯ ಅಂಕವನ್ನೂ ಕೂಡಿಸಿದ: ಒಂದು ಬಣ್ಣ ಪೂರ್ತಿ ಇಲ್ಲದಿದ್ದರೆ 3, ಒಂದೇ ಎಲೆ ಇದ್ದರೆ 2, ಎರಡಿದ್ದರೆ 1. ಜೋಡಿಯಲ್ಲಿ 26 ಇದ್ದರೆ ಗೇಮ್ ಬಿಡ್ ಮಾಡಿ ಅಂದ. ಯಾರು ಬೇಕಾದರೂ ಕಲಿಯಬಹುದಾದ ಲೆಕ್ಕ ಇದು. ಗೋರೆನ್‌ನ ದೊಡ್ಡ ಕೊಡುಗೆ ಇದೇ ಅನ್ನುವುದು ನನ್ನ ಅಭಿಪ್ರಾಯ.

ಆದರೆ 12 ಅಂಕದ ಎರಡು ಕೈಗಳು ಒಂದೇ ಅಲ್ಲ. ಬೇರೆ ಎಲೆಯ ಆಸರೆಯಿಲ್ಲದೆ ನಿಂತ ರಾಣಿ-ಗುಲಾಮರಿಗೂ 3 ಅಂಕ, ಉದ್ದನೆಯ ಬಣ್ಣದ ತಲೆಗೆ ಕೂತ ರಾಜನಿಗೂ 3 ಅಂಕ! ಇನ್ನು ಯಾರು ವಲ್ನರಬಲ್ ಅನ್ನುವುದರ ಮೇಲೂ ಅದೇ ಬಿಡ್ ಜಾಣತನವೋ ಹುಚ್ಚೋ ಆಗುತ್ತದೆ. ವಲ್ನರಬಲ್ ಆದ ಜೋಡಿ ಸೋತ ಪ್ರತಿ ಟ್ರಿಕ್ಕಿಗೆ 50ರ ಬದಲು 100 ತೆರಬೇಕು. ಶಿಕಾಗೊದ ಸ್ಟ್ಯಾಂಡರ್ಡ್ ಕ್ಲಬ್‌ನಲ್ಲಿ ಹುಟ್ಟಿ ಆ ಊರಿನ ಹೆಸರನ್ನೇ ಪಡೆದ ನಾಲ್ಕು ಹಂಚಿಕೆಯ ಆಟದಲ್ಲಿ ಈ ಸ್ಥಿತಿ ಮೊದಲೇ ನಿಗದಿ: ಮೊದಲ ಹಂಚಿಕೆಯಲ್ಲಿ ಯಾರೂ ವಲ್ನರಬಲ್ ಅಲ್ಲ, ಕೊನೆಯದರಲ್ಲಿ ಇಬ್ಬರೂ.

ಈ ಬಿಕ್ಕಟ್ಟಿಗೆ ಉತ್ತರ ಹುಡುಕಿದ್ದು ಕಲ್ಬರ್ಟ್‌ಸನ್ 1929ರಲ್ಲಿ ಆರಂಭಿಸಿದ ‘ದಿ ಬ್ರಿಡ್ಜ್ ವರ್ಲ್ಡ್’ ಪತ್ರಿಕೆ. ಅದರ ‘ಮಾಸ್ಟರ್ ಸಾಲ್ವರ್ಸ್ ಕ್ಲಬ್’ ಅಂಕಣದಲ್ಲಿ ಒಂದು ಕೈ, ಅಲ್ಲಿವರೆಗಿನ ಬಿಡ್‌ಗಳು, ಮುಂದೇನು ಎಂಬ ಪ್ರಶ್ನೆ. ಘಟಾನುಘಟಿಗಳು ತಮ್ಮ ಬಿಡ್ಡಿನ ಜೊತೆ ಕಾರಣವನ್ನೂ ಬರೆದು ಕಳಿಸುತ್ತಾರೆ. ಹೆಚ್ಚಿನವರು ಒಪ್ಪಿದ್ದಕ್ಕೆ 100, ಉಳಿದವಕ್ಕೆ ಕಡಿಮೆ. ಕೊನೆಗೆ ಗೆದ್ದರೋ ಸೋತರೋ ಎಂಬ ಮಾತು ತೀರ್ಪಿನಲ್ಲಿ ಬರುವುದಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಅಲ್ಲಿ ಜಾಗವಿಲ್ಲ. ಅಂಕಣದ ಸೊಗಸಿರುವುದು ಜಗಳದಲ್ಲಿ. ಒಬ್ಬ ದಿಗ್ಗಜ ಕಣ್ಣುಮುಚ್ಚಿ ಮಾಡುವ ಬಿಡ್ ಇನ್ನೊಬ್ಬನಿಗೆ ಅಪರಾಧ.

ಈಗ ಕಂಪ್ಯೂಟರು ಉಳಿದ ಮೂರು ಕೈಗಳನ್ನು ಸಾವಿರಾರು ಬಗೆಯಲ್ಲಿ ಹಂಚಿ ಯಾವ ಬಿಡ್ಡಿಗೆ ಎಷ್ಟು ಲಾಭ ಎಂದು ಲೆಕ್ಕ ಹಾಕುತ್ತದೆ. ಆದರೆ ಆ ಲೆಕ್ಕ ಸಾಮಾನ್ಯವಾಗಿ ಎಲ್ಲ 52 ಎಲೆಗಳನ್ನೂ ಕಂಡವರು ಆಡಿದಂತೆ. ಮೇಜಿನ ಮುಂದಿನ ಮನುಷ್ಯನಿಗೆ ಕಾಣುವುದು ಬರೀ 13.

ಮುಂದಿನ ಸಲ ಜೊತೆಗಾರರ ಬಿಡ್ ಕಂಡು ರೇಗಿದಾಗ, ಅವರ 13 ಎಲೆಗಳನ್ನು ಚೀಟಿಯಲ್ಲಿ ಬರೆದು, ಆಟ ಏನಾಯಿತೆಂದು ಹೇಳದೆ, ನಾಲ್ಕು ಜನರನ್ನು ಕೇಳಿ. ಬೈಯುವುದು ಆಮೇಲೆ ಇದ್ದೇ ಇದೆ.